ಮನೆಯಲ್ಲೇ ರಿವ್ಯೂ ವಿಡಿಯೊ: ಶುರು ಮಾಡುವ ಮೊದಲು ಒಂದಿಷ್ಟು ಇತಿಹಾಸ

ಕಳೆದ ವರ್ಷ ನಾವು ಒಂದು ತಪ್ಪು ಮಾಡಿದೆವು. ಈ ಬರಹ ಹುಟ್ಟಿದ್ದೇ ಅದರಿಂದ. ಹಾಗಾಗಿ ಅದನ್ನೇ ಮೊದಲು ಹೇಳಿಬಿಡುತ್ತೇವೆ.

ನಮ್ಮ ಬಳಗದ ಒಬ್ಬರ ಮನೆಗೆ ಹೊಸ ಬ್ಯಾಟರಿ ಪಂಪು ಬಂತು. ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ, 16 ಲೀಟರಿನ ಪಂಪು. ಪತ್ರಿಕೋದ್ಯಮ ಓದಿದವರು ನಾವು, ಕೈಯಲ್ಲಿ ಫೋನೂ ಇದೆ, ಸುಮ್ಮನಿರಲು ಆದೀತೇ? ಬೆಳಿಗ್ಗೆ ಡಬ್ಬಿ ಬಿಚ್ಚಿದೆವು, ಮಾಳಿಗೆ ಮೇಲೆ ಬರೀ ನೀರು ತುಂಬಿ ಹೊಡೆದು ನೋಡಿದೆವು, ಮಧ್ಯಾಹ್ನದ ಊಟದ ಹೊತ್ತಿಗೆ ವಿಡಿಯೊ ತಯಾರಾಯಿತು. “ಒಂದು ಸಲ ಚಾರ್ಜ್ ಮಾಡಿದರೆ 20 ಪಂಪು ಹೊಡೆಯಬಹುದು” ಎಂದು ವಿಡಿಯೊದಲ್ಲಿ ಧೈರ್ಯವಾಗಿ ಹೇಳಿದೆವು. ಅದು ಡಬ್ಬಿಯ ಮೇಲೆ ಬರೆದಿದ್ದ ಮಾತು. ನಾವು ಹೊಡೆದದ್ದು ಒಂದೇ ಪಂಪು.

ವಿಡಿಯೊ ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ನಮ್ಮ ಓಣಿಯ ಕಾಕಾ ಒಬ್ಬರು ಅದನ್ನು ನೋಡಿ, ಪೇಟೆಗೆ ಹೋಗಿ ಅದೇ ಪಂಪು ತಂದರು. ಮೆಣಸಿನ ಗಿಡಕ್ಕೆ ಔಷಧಿ ಹೊಡೆಯುವ ದಿನ ಎಂಟನೇ ಪಂಪಿಗೇ ಬ್ಯಾಟರಿ ನಿಂತಿತು. ಕಲಸಿಟ್ಟ ಔಷಧಿ ಹಾಗೇ ಉಳಿಯಿತು, ಕರೆಸಿದ್ದ ಆಳು ಸಂಜೆವರೆಗೆ ಬದುವಿನ ಮೇಲೆ ಕೂತ. ಅಂಗಡಿಯವರು ಬ್ಯಾಟರಿಗೆ ಗ್ಯಾರಂಟಿ ಇಲ್ಲ ಎಂದರು. ಎರಡು ದಿನ ಬಿಟ್ಟು ಕಟ್ಟೆಯ ಹತ್ತಿರ ಸಿಕ್ಕ ಕಾಕಾ ನಮ್ಮನ್ನು ಬೈಯಲಿಲ್ಲ. “ನೀವು ಹೇಳಿದ್ರಿ ಅಂತ ತಗೊಂಡ್ನಿ ನೋಡ್ರಪಾ” ಎಂದರು, ಅಷ್ಟೇ. ಬೈದಿದ್ದರೇ ಎಷ್ಟೋ ಹಗುರವಾಗುತ್ತಿತ್ತು.

ಅವತ್ತಿನಿಂದ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಮನೆಯಲ್ಲಿ ಕೂತು, ಫೋನ್ ಹಿಡಿದು, “ಇದನ್ನು ತಗೊಳ್ಳಿ, ಇದು ಬೇಡ” ಎಂದು ಊರಿಗೆ ಹೇಳುವ ಅಧಿಕಾರ ಒಬ್ಬರಿಗೆ ಎಲ್ಲಿಂದ ಬರುತ್ತದೆ? ನಮಗಿಂತ ಮೊದಲು ಈ ಕೆಲಸ ಮಾಡಿದವರು ಹೇಗೆ ಮಾಡಿದರು? ಹುಡುಕುತ್ತ ಹೋದಾಗ ಸಿಕ್ಕ ಕಥೆ ಇಲ್ಲಿದೆ. ಇದರಲ್ಲಿ ಅಮೆರಿಕದ ಇಂಜಿನಿಯರ್ ಇದ್ದಾರೆ, ಅಹಮದಾಬಾದಿನ ತರಕಾರಿ ಮಾರುವವರಿದ್ದಾರೆ, ನಮ್ಮ ಬೀದರಿನ ಗಡಿಯಾಚೆಯ ಕೂಲಿ ಹೆಂಗಸರೂ ಇದ್ದಾರೆ.

ಸಂತೆಯಿಂದ ಡಬ್ಬಿಯವರೆಗೆ

ರಿವ್ಯೂ ಎನ್ನುವ ಮಾತು ಹೊಸದು, ಕೆಲಸ ಹಳೆಯದು. ದನದ ಜಾತ್ರೆಯಲ್ಲಿ ಹೋರಿ ಕೊಳ್ಳುವವರನ್ನು ನೋಡಿ. ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಜೊತೆಗೆ ತಿಳಿದವರೊಬ್ಬರನ್ನು ಊರಿಂದಲೇ ಕರೆದುಕೊಂಡು ಹೋಗಿರುತ್ತಾರೆ. ಆ ತಿಳಿದವರು “ಹಿಡಿ” ಎಂದ ಹೋರಿ ನೊಗಕ್ಕೆ ಬಾರದೆ ಮಲಗಿಬಿಟ್ಟರೆ, ಆ ಮಾತನ್ನು ಅವರು ಹತ್ತು ವರ್ಷ ಕೇಳಬೇಕಾಗುತ್ತದೆ. ಹೇಳಿದವರೂ ಕೇಳಿದವರೂ ಒಂದೇ ಊರಿನಲ್ಲಿ ಬಾಳಬೇಕು. ಅದೇ ಅವರ ಮಾತಿಗೆ ತೂಕ ಕೊಡುತ್ತಿತ್ತು.

ಡಬ್ಬಿ, ಬಾಟಲಿ, ಪೊಟ್ಟಣಗಳಲ್ಲಿ ಸಾಮಾನು ಬರತೊಡಗಿದಾಗ ಈ ಲೆಕ್ಕ ತಪ್ಪಿತು. ಮಾಡಿದವರು ಯಾರೋ, ಮಾರುವವರು ಯಾರೋ, ಹೊಗಳುವುದು ಜಾಹೀರಾತು. ಈ ತೊಡಕನ್ನು ಮೊದಲು ಗಟ್ಟಿಯಾಗಿ ಎದುರಿಸಿದ್ದು ಅಮೆರಿಕದ ಕೆಲವರು. 1936ರಲ್ಲಿ ನ್ಯೂಯಾರ್ಕಿನಲ್ಲಿ ಆರ್ಥರ್ ಕ್ಯಾಲೆಟ್ ಎಂಬ ಇಂಜಿನಿಯರ್ ಮತ್ತು ಜೊತೆಗಾರರು ‘ಕನ್ಸ್ಯೂಮರ್ಸ್ ಯೂನಿಯನ್’ ಎಂಬ ಸಂಸ್ಥೆ ಕಟ್ಟಿ, ಒಂದು ಪತ್ರಿಕೆ ಹೊರಡಿಸಿದರು. ಹಾಲು, ಸಾಬೂನು, ಕಾಲುಚೀಲದಂಥ ದಿನಬಳಕೆಯ ಸಾಮಾನುಗಳನ್ನು ಪರೀಕ್ಷೆ ಮಾಡಿ ಬರೆಯುವುದು ಅವರ ಕೆಲಸ. ಅದೇ ಪತ್ರಿಕೆ ಮುಂದೆ ‘ಕನ್ಸ್ಯೂಮರ್ ರಿಪೋರ್ಟ್ಸ್’ ಎಂದು ಹೆಸರಾಯಿತು.

ಅವರು ಹಾಕಿಕೊಂಡ ನಿಯಮ ಎರಡೇ ಎರಡು. ಒಂದು, ಪರೀಕ್ಷೆಗೆ ಬೇಕಾದ ಸಾಮಾನನ್ನು ಎಲ್ಲರಂತೆ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು. ಕಂಪನಿ ಪುಕ್ಕಟೆ ಕಳಿಸಿದ್ದನ್ನು ಮುಟ್ಟಬಾರದು. ಎರಡು, ಪತ್ರಿಕೆಯಲ್ಲಿ ಕಂಪನಿಗಳ ಜಾಹೀರಾತು ಹಾಕಬಾರದು. ಪುಕ್ಕಟೆ ಕಳಿಸುವವರು ತಮ್ಮಲ್ಲಿರುವ ಒಳ್ಳೆಯ ತುಂಡನ್ನೇ ಆರಿಸಿ ಕಳಿಸುತ್ತಾರೆ, ಅಂಗಡಿಯಲ್ಲಿ ನಮ್ಮ ನಿಮ್ಮ ಕೈಗೆ ಸಿಗುವುದು ಬೇರೆ ಇರಬಹುದು. ಇಷ್ಟು ಸರಳ ತರ್ಕ. ತೊಂಬತ್ತು ವರ್ಷವಾದರೂ ಇದಕ್ಕಿಂತ ಒಳ್ಳೆಯ ನಿಯಮ ನಮಗೆ ಕಂಡಿಲ್ಲ.

ಟಿವಿ ಊರಿಗೆ ಬಂತು, ಊರು ಟಿವಿಗೆ ಹೋಗಲಿಲ್ಲ

ಅದೇ ಅಮೆರಿಕದ ಷಿಕಾಗೋ ನಗರದಲ್ಲಿ 1975ರ ಕೊನೆಗೆ ಒಂದು ಟಿವಿ ಕಾರ್ಯಕ್ರಮ ಶುರುವಾಯಿತು. ಜೀನ್ ಸಿಸ್ಕೆಲ್ ಮತ್ತು ರೋಜರ್ ಈಬರ್ಟ್ ಎಂಬಿಬ್ಬರು ಕೂತು, ಹೊಸ ಸಿನಿಮಾಗಳ ತುಣುಕು ತೋರಿಸಿ, ಅದರ ಬಗ್ಗೆ ಮಾತಾಡುತ್ತಿದ್ದರು. ಇಬ್ಬರೂ ಒಂದೇ ಊರಿನ ಎರಡು ಪೈಪೋಟಿ ಪತ್ರಿಕೆಗಳ ಸಿನಿಮಾ ಬರಹಗಾರರು. ಒಬ್ಬರು ಹೌದೆಂದರೆ ಇನ್ನೊಬ್ಬರು ಅಲ್ಲ ಎನ್ನುವುದು ಮಾಮೂಲು. ಮುಂದೆ ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಎಂದು ತೀರ್ಪು ಕೊಡುವುದು ಅವರ ಗುರುತಾಯಿತು. ಇವತ್ತು ಫೋನಿನಲ್ಲಿ ನಾವು ಒತ್ತುವ ಹೆಬ್ಬೆರಳನ್ನು ನೋಡಿದಾಗೆಲ್ಲ ಇವರಿಬ್ಬರು ನೆನಪಾಗುತ್ತಾರೆ.

ವಸ್ತುವನ್ನು ತೋರಿಸುತ್ತ, ಅದರ ಬಗ್ಗೆ ಮುಖ ಕೊಟ್ಟು ಮಾತಾಡುವ ರೀತಿಯನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಇವರು ಮೊದಲಿಗರು. ಒಬ್ಬರೇ ತೀರ್ಪು ಕೊಡುವುದಕ್ಕಿಂತ ಇಬ್ಬರು ವಾದ ಮಾಡುವುದನ್ನು ಕೇಳಿ ತಾವೇ ತೀರ್ಮಾನಿಸುವುದು ಜನರಿಗೆ ಇಷ್ಟ ಎನ್ನುವುದೂ ಇವರಿಂದ ಗೊತ್ತಾಯಿತು.

ಅದೇ 1975ರ ಆಗಸ್ಟ್ 1ರಂದು ನಮ್ಮಲ್ಲೂ ಒಂದು ದೊಡ್ಡ ಪ್ರಯೋಗ ಶುರುವಾಗಿತ್ತು. ಅಮೆರಿಕದ ಉಪಗ್ರಹವೊಂದನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಮುಟ್ಟಿಸುವ ‘ಸೈಟ್’ ಯೋಜನೆ ಅದು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಇದಕ್ಕೆ ಆಯ್ಕೆಯಾಗಿದ್ದವು. ಊರಿಗೊಂದು ಟಿವಿ, ಮುಂದೆ ಊರಿಗೆ ಊರೇ. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಎಲ್ಲವೂ ಆಕಾಶದಿಂದ ಬರುತ್ತಿತ್ತು. ಅದಕ್ಕೂ ಮೊದಲು, 1967ರ ಜನವರಿ 26ರಂದು ದಿಲ್ಲಿ ಸುತ್ತಲಿನ ಹಳ್ಳಿಗಳಿಗಾಗಿ ‘ಕೃಷಿ ದರ್ಶನ’ ಶುರುವಾಗಿತ್ತು.

ಇವುಗಳಿಂದ ಉಪಯೋಗವಾಗಲಿಲ್ಲ ಎಂದಲ್ಲ. ಆದರೆ ಮಾತು ಮೇಲಿಂದ ಕೆಳಕ್ಕೆ ಮಾತ್ರ ಹರಿಯುತ್ತಿತ್ತು. “ಸಾಹೇಬರೇ, ನೀವು ಹೇಳಿದ ಬೀಜ ನಮ್ಮ ಎರೆ ಹೊಲದಲ್ಲಿ ಹುಟ್ಟಲೇ ಇಲ್ಲ” ಎಂದು ರಾಯಚೂರಿನ ರೈತರೊಬ್ಬರು ಆ ಪೆಟ್ಟಿಗೆಗೆ ಹೇಳಲು ದಾರಿ ಇರಲಿಲ್ಲ.

ಕ್ಯಾಮೆರಾ ಕೈ ಬದಲಿಸಿತು

ಮಾತು ಹಿಂದಿರುಗಬೇಕಾದರೆ ಕ್ಯಾಮೆರಾ ಕೈ ಬದಲಿಸಬೇಕಿತ್ತು. 1980ರ ದಶಕದಲ್ಲಿ ಅದು ನಡೆಯತೊಡಗಿತು. 1983ರಲ್ಲಿ ಸೋನಿ ಕಂಪನಿಯ ಬೀಟಾಮೂವಿ ಬಂತು. ಚಿತ್ರ ಹಿಡಿಯುವುದು, ಟೇಪಿಗೆ ತುಂಬುವುದು ಎರಡನ್ನೂ ಒಂದೇ ಯಂತ್ರ ಮಾಡುವಂತಾಯಿತು. ನಮ್ಮ ಊರುಗಳಿಗೆ ಇಂಥ ಯಂತ್ರ ಬಂದದ್ದು ಮದುವೆ ಮನೆಗೆ. ಹೆಗಲ ಮೇಲೆ ಕ್ಯಾಮೆರಾ ಹೊತ್ತವರು, ಹಿಂದೆ ಉರಿಯುವ ಲೈಟು ಹಿಡಿದ ಹುಡುಗ, ಕಣ್ಣು ಕೋರೈಸಿ ತಲೆ ತಗ್ಗಿಸಿದ ಮದುಮಗಳು. ನಿಮ್ಮ ಅಪ್ಪ ಅಮ್ಮನ ಮದುವೆ ಕ್ಯಾಸೆಟ್ ಎಲ್ಲಾದರೂ ಟ್ರಂಕಿನಲ್ಲಿ ಇದ್ದೀತು.

ಆದರೆ 1984ರಲ್ಲಿ ಅಹಮದಾಬಾದಿನಲ್ಲಿ ಬೇರೆಯೇ ಒಂದು ಕೆಲಸ ನಡೆಯಿತು. ದುಡಿಯುವ ಹೆಂಗಸರ ಸಂಘವಾದ ‘ಸೇವಾ’, ತನ್ನ ಸದಸ್ಯರ ಕೈಗೆ ವಿಡಿಯೊ ಕ್ಯಾಮೆರಾ ಕೊಟ್ಟಿತು. ಕಲಿಸಲು ಅಮೆರಿಕದಿಂದ ಮಾರ್ಥಾ ಸ್ಟುವರ್ಟ್ ಬಂದಿದ್ದರು. ಕಲಿತವರಲ್ಲಿ ಬೀದಿಯಲ್ಲಿ ತರಕಾರಿ ಮಾರುವವರಿದ್ದರು, ಓದು ಬರಹ ಬಾರದವರೂ ಇದ್ದರು. ಅವರು ತಮ್ಮದೇ ಕೆಲಸ, ತಮ್ಮದೇ ತೊಂದರೆಗಳ ಚಿತ್ರ ತೆಗೆದರು. ಕ್ಯಾಮೆರಾ ಹಿಡಿಯಲು ಅಕ್ಷರ ಬರಬೇಕಿಲ್ಲ ಎನ್ನುವುದು ಅಂದೇ ಗೊತ್ತಾಯಿತು.

ನಮ್ಮ ಕರ್ನಾಟಕದಲ್ಲಿ ಇದೇ ಕೆಲಸ ಪೆನ್ನಿನಲ್ಲಿ ನಡೆಯಿತು. 1988ರಲ್ಲಿ ದಕ್ಷಿಣ ಕನ್ನಡದ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಹೊರಟಿತು. ಶ್ರೀ ಪಡ್ರೆಯವರು ಮತ್ತು ಜೊತೆಯವರು ‘ಕೃಷಿಕರ ಕೈಗೆ ಲೇಖನಿ’ ಎಂದು ಹೊರಟು, ರೈತರಿಗೇ ಬರೆಯಲು ಕಲಿಸಿದರು. ಅಲ್ಲಿ ಒಂದು ಯಂತ್ರದ ಬಗ್ಗೆ ಬಂದರೆ, ಅದನ್ನು ಬಳಸಿದವರ ಅನುಭವ ಇರುತ್ತದೆ, ಅವರನ್ನು ಸಂಪರ್ಕಿಸುವ ದಾರಿಯೂ ಇರುತ್ತದೆ. ಅನುಮಾನ ಬಂದರೆ ಓದುಗರು ನೇರವಾಗಿ ಅವರನ್ನೇ ಕೇಳಬಹುದು. ಜಾತ್ರೆಯಲ್ಲಿ ತಿಳಿದವರನ್ನು ಜೊತೆಗೆ ಕರೆದುಕೊಂಡು ಹೋದಂತೆಯೇ ಇದು.

ಪಸ್ತಾಪುರದ ಹೆಂಗಸರು ಮತ್ತು ಹತ್ತಿ ಬೀಜ

ಈಗ ನಮಗೆ ತುಂಬ ಹತ್ತಿರವೆನಿಸಿದ ಕಥೆಗೆ ಬರೋಣ. ಬೀದರ್ ಜಿಲ್ಲೆಯಿಂದ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್. ಅದರ ಹತ್ತಿರದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಇದೆ. ಸುತ್ತಲಿನ ಹಳ್ಳಿಗಳ ದಲಿತ ಹೆಂಗಸರ ಸಂಘಗಳು ಅದರ ಬೆನ್ನೆಲುಬು. ಜೋಳ, ನವಣೆ, ತೊಗರಿ ಬೆಳೆಯುವ, ಕೂಲಿ ಮಾಡುವ ಈ ಹೆಂಗಸರಲ್ಲಿ ಕೆಲವರು 1990ರ ದಶಕದ ಕೊನೆಯಲ್ಲಿ ವಿಡಿಯೊ ಕಲಿತರು. 2001ರಲ್ಲಿ ತಮ್ಮದೇ ಸಮುದಾಯ ಮಾಧ್ಯಮ ಟ್ರಸ್ಟ್ ಕಟ್ಟಿಕೊಂಡರು.

ಮರುವರ್ಷ, 2002ರ ಮಾರ್ಚಿನಲ್ಲಿ, ಬಿಟಿ ಹತ್ತಿಗೆ ಭಾರತದಲ್ಲಿ ಅನುಮತಿ ಸಿಕ್ಕಿತು. ಕಾಯಿಕೊರಕ ಹುಳ ಬರುವುದಿಲ್ಲ, ಔಷಧಿ ಖರ್ಚು ಉಳಿಯುತ್ತದೆ, ಇಳುವರಿ ಹೆಚ್ಚು ಎಂಬ ಪ್ರಚಾರ ಎಲ್ಲ ಕಡೆ. ಈ ಹೆಂಗಸರು ಕ್ಯಾಮೆರಾ ಹೊತ್ತು ವಾರಂಗಲ್ ಜಿಲ್ಲೆಗೆ ಹೋದರು. ಬೀಜ ಕೊಂಡ ರೈತರ ಹೊಲದಲ್ಲಿ ನಿಂತರು. ಒಂದು ಸಲ ಹೋಗಿ ಬಂದು ಸುಮ್ಮನಾಗಲಿಲ್ಲ. ಬೆಳೆ ಬೆಳೆದಂತೆ ಮತ್ತೆ ಮತ್ತೆ ಅದೇ ಹೊಲಗಳಿಗೆ ಹೋಗಿ, ಹೊಗಳಿದವರ ಮಾತೂ ಸಿಟ್ಟಾದವರ ಮಾತೂ ಹಿಡಿದರು. 2003ರಲ್ಲಿ ಬಂದ ಅವರ ಚಿತ್ರದ ಹೆಸರೇ, ವಾರಂಗಲ್ಲಿನ ರೈತರಿಗೆ ಬಿಟಿ ಹತ್ತಿಯ ಮೇಲೆ ಸಿಟ್ಟೇಕೆ ಎಂದು ಕೇಳುವಂಥದ್ದು. ಅಷ್ಟಕ್ಕೇ ನಿಲ್ಲದೆ ಮೂರು ವರ್ಷ ಹಿಂಬಾಲಿಸಿ, 2005ರಲ್ಲಿ ಇನ್ನೊಂದು ಚಿತ್ರ ತೆಗೆದರು.

ಬಿಟಿ ಹತ್ತಿಯ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಆ ಹೆಂಗಸರ ತೀರ್ಮಾನವನ್ನು ಒಪ್ಪದವರು ಬಹಳ ಮಂದಿ. ಮುಂದೆ ದೇಶದ ಹತ್ತಿ ಹೊಲಗಳಲ್ಲಿ ಬಹುಪಾಲು ಬಿಟಿಯೇ ಆಯಿತು. ಆಮೇಲೆ ಗುಲಾಬಿ ಕಾಯಿಕೊರಕ ಅದಕ್ಕೂ ಜಗ್ಗದೆ ತಿರುಗಿಬಿದ್ದದ್ದನ್ನು ನಮ್ಮ ರಾಯಚೂರು, ಹಾವೇರಿ ಕಡೆಯ ರೈತರೂ ಕಂಡರು. ಯಾರು ಸರಿ ಎನ್ನುವುದು ಇಲ್ಲಿ ನಮ್ಮ ಚರ್ಚೆಯಲ್ಲ. ನಮಗೆ ಮುಟ್ಟಿದ್ದು ಅವರ ಕ್ರಮ. ಬೀಜದ ರಿವ್ಯೂ ಮಾಡಬೇಕಾದರೆ ಬಿತ್ತುವ ದಿನ ಮಾಡಿದರೆ ಸಾಲದು, ಬಿಡಿಸುವ ದಿನದವರೆಗೂ ಕಾಯಬೇಕು. ಒಂದು ಮಳೆಗಾಲ ಸಾಲದಿದ್ದರೆ ಮೂರು ಮಳೆಗಾಲ ಕಾಯಬೇಕು. ನಾವು ಬ್ಯಾಟರಿ ಪಂಪಿನ ಹಣೆಬರಹವನ್ನು ಅರ್ಧ ದಿನದಲ್ಲಿ ಬರೆದಿದ್ದೆವು.

ಈ ಹೆಂಗಸರು ಇನ್ನೊಂದು ಚಂದದ ಕೆಲಸ ಮಾಡಿದರು. ಕ್ಯಾಮೆರಾ ಎಲ್ಲಿ ಇಡಬೇಕು ಎನ್ನುವುದಕ್ಕೆ ತಮ್ಮದೇ ಹೆಸರು ಇಟ್ಟುಕೊಂಡರು. ಮೇಲಿನಿಂದ, ಕೆಳಗಿನಿಂದ ಹಿಡಿದ ಚಿತ್ರಗಳು ಅವರಿಗೆ ಗೌಡರು ಮತ್ತು ಆಳುಗಳ ನಡುವಿನ ನೋಟವನ್ನು ನೆನಪಿಸಿದವು. ಎದುರಿಗಿದ್ದವರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಟ್ಟು ತೆಗೆದದ್ದನ್ನು ‘ಸಂಘಂ ಶಾಟ್’ ಎಂದರು. ಸಂಘದಲ್ಲಿ ಎಲ್ಲರೂ ಒಂದೇ ಮಟ್ಟದಲ್ಲಿ ನೆಲದ ಮೇಲೆ ಕೂರುತ್ತಾರಲ್ಲ, ಹಾಗೆ. ನಾವು ಕಾಲೇಜಿನಲ್ಲಿ ಕ್ಯಾಮೆರಾ ಪಾಠ ಕೇಳಿದವರು. ಇಷ್ಟು ಸಲೀಸಾಗಿ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಅವರು ಯಾವ ಊರಿನವರು?”

2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರಿಕಿನ್ ಗಾಂಧಿ ಎಂಬ ಇಂಜಿನಿಯರ್ ‘ಡಿಜಿಟಲ್ ಗ್ರೀನ್’ ಎಂಬ ಪ್ರಯೋಗ ಶುರು ಮಾಡಿದರು. ಜೊತೆಗೆ ಗ್ರೀನ್ ಫೌಂಡೇಶನ್ ಎಂಬ ಸಂಸ್ಥೆ ಇತ್ತು. ಪ್ರಯೋಗ ನಡೆದದ್ದು ನಮ್ಮದೇ ಕರ್ನಾಟಕದ ಹಳ್ಳಿಗಳಲ್ಲಿ. ದೊಡ್ಡ ಸ್ಟುಡಿಯೊ ಇಲ್ಲ, ಪ್ರಸಿದ್ಧ ಮುಖ ಇಲ್ಲ. ಒಂದು ಸಣ್ಣ ಕ್ಯಾಮೆರಾ, ಹೊಲದಲ್ಲಿ ಒಂದು ಹೊಸ ಪದ್ಧತಿ ಮಾಡಿ ತೋರಿಸುವ ಅದೇ ಕಡೆಯ ರೈತರು. ಸಂಜೆ ಟಿವಿ, ಡಿವಿಡಿ ಪ್ಲೇಯರ್ ಇಟ್ಟು ಊರವರಿಗೆ ತೋರಿಸುವುದು.

ಇದರಲ್ಲಿ ಎರಡು ಸಂಗತಿ ಗೊತ್ತಾದವು. ಮೊದಲನೆಯದು, ಸುಮ್ಮನೆ ವಿಡಿಯೊ ಹಾಕಿ ಎದ್ದು ಹೋದರೆ ಉಪಯೋಗ ಕಡಿಮೆ. ಊರಿನವರೇ ಒಬ್ಬರು ಪಕ್ಕದಲ್ಲಿ ನಿಂತು, ನಡುನಡುವೆ ನಿಲ್ಲಿಸಿ, “ಇದು ನಮ್ಮಲ್ಲಿ ಆದೀತೇ?” ಎಂದು ಕೇಳಿ ಮಾತಾಡಿಸಿದಾಗ ಮಾತ್ರ ಜನ ಅದನ್ನು ಹೊಲದಲ್ಲಿ ಮಾಡಿ ನೋಡುತ್ತಿದ್ದರು.

ಎರಡನೆಯದು ನಮಗೆ ಬಹಳ ಹಿಡಿಸಿತು. ವಿಡಿಯೊ ನೋಡಿದ ರೈತರು ಮೊದಲು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಒಂದು, “ಅವರ ಹೆಸರೇನು, ಅವರು ಯಾವ ಊರಿನವರು?” ಎಂಬುದು. ಗೊಬ್ಬರದ ಲೆಕ್ಕ, ಖರ್ಚಿನ ಲೆಕ್ಕ ಎಲ್ಲ ಆಮೇಲೆ. ಹೇಳಿದವರು ನಮ್ಮಂಥವರೇ ಹೌದೋ ಅಲ್ಲವೋ, ನಾಳೆ ಸಂತೆಯಲ್ಲಿ ಸಿಗುವವರೋ ಅಲ್ಲವೋ ಎನ್ನುವುದು ಮೊದಲು ಗೊತ್ತಾಗಬೇಕು. ದನದ ಜಾತ್ರೆಯ ಲೆಕ್ಕ ಡಿವಿಡಿ ಕಾಲಕ್ಕೂ ಬದಲಾಗಿರಲಿಲ್ಲ.

ಮನೆಯ ಕೋಣೆಯಿಂದ

ಇತ್ತ ಅಮೆರಿಕದಲ್ಲಿ 2005ರ ಏಪ್ರಿಲ್ 23ರಂದು ಯೂಟ್ಯೂಬಿಗೆ ಮೊದಲ ವಿಡಿಯೊ ಬಿತ್ತು. ಯೂಟ್ಯೂಬ್ ಕಟ್ಟಿದವರಲ್ಲಿ ಒಬ್ಬರಾದ ಜಾವೇದ್ ಕರೀಂ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು, ಇವುಗಳ ಸೊಂಡಿಲು ಬಹಳ ಉದ್ದ, ಅದು ಚೆನ್ನಾಗಿದೆ ಎಂಬರ್ಥದಲ್ಲಿ ನಾಲ್ಕು ಮಾತು ಹೇಳುತ್ತಾರೆ. 19 ಸೆಕೆಂಡಿನ ವಿಡಿಯೊ. ನೋಡಿದರೆ ಅದೂ ಒಂದು ರಿವ್ಯೂವೇ! ಆನೆಯ ರಿವ್ಯೂ.

ಅದಕ್ಕೂ ಒಂದು ವರ್ಷ ಮೊದಲೇ, 2004ರಲ್ಲಿ, ಜೇಮ್ಸ್ ರೋಲ್ಫ್ ಎಂಬ ಯುವಕ ತಾನು ಚಿಕ್ಕಂದಿನಲ್ಲಿ ಆಡಿದ ಹಳೆಯ ವಿಡಿಯೊ ಗೇಮ್ ಒಂದನ್ನು ಬೈಯುತ್ತ ತಮಾಷೆಯ ರಿವ್ಯೂ ಮಾಡಿದ್ದರು. ಗೆಳೆಯರಿಗೆ ತೋರಿಸಲು ಮಾಡಿದ್ದು. 2006ರಲ್ಲಿ ಯೂಟ್ಯೂಬಿಗೆ ಬಂದಮೇಲೆ ಲೋಕವೆಲ್ಲ ನೋಡಿತು. ಚಿಕ್ಕಂದಿನಿಂದ ಗೊತ್ತಿದ್ದ ವಸ್ತು, ಆದ್ದರಿಂದ ಅದರ ಒಂದೊಂದು ಹುಳುಕೂ ಅವರಿಗೆ ಬಾಯಿಪಾಠವಾಗಿತ್ತು.

2009ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹೈಸ್ಕೂಲಿನಲ್ಲಿ ಓದುತ್ತಿದ್ದ ಮಾರ್ಕಸ್ ಬ್ರೌನ್‌ಲೀ ತನ್ನ ಹೊಸ ಲ್ಯಾಪ್‌ಟಾಪ್ ಬಗ್ಗೆ, ಅದೇ ಲ್ಯಾಪ್‌ಟಾಪಿನ ಕ್ಯಾಮೆರಾದಲ್ಲಿ ವಿಡಿಯೊ ಮಾಡತೊಡಗಿದ. ಚಿತ್ರ ಮಸಕು, ಬೆಳಕು ಕಮ್ಮಿ. ಮೊದಲ ನೂರು ವಿಡಿಯೊ ಹಾಕುವವರೆಗೂ ಅವನ ಚಾನೆಲ್ಲಿಗೆ ನೂರು ಜನ ಚಂದಾದಾರರಿರಲಿಲ್ಲ. ಅದೇ ಹುಡುಗ ಮುಂದೆ ಫೋನುಗಳ ರಿವ್ಯೂ ಮಾಡುವವರಲ್ಲಿ ಜಗತ್ತಿನಲ್ಲೇ ಹೆಸರಾದವರಲ್ಲಿ ಒಬ್ಬನಾದ. ಹೊಸದಾಗಿ ಶುರು ಮಾಡಿ, ಹತ್ತು ವಿಡಿಯೊಗೆ ಯಾರೂ ನೋಡಲಿಲ್ಲ ಎಂದು ಬೇಸರ ಪಡುವವರು ಇದನ್ನು ನೆನಪಿಡಬೇಕು.

ಭಾರತಕ್ಕೆಂದೇ ಯೂಟ್ಯೂಬ್ ಬಂದದ್ದು 2008ರಲ್ಲಿ. ಆದರೆ ಹಳ್ಳಿಯ ನಾವು ನೀವು ಮನೆಯಿಂದ ವಿಡಿಯೊ ಹಾಕುವಂತಾದದ್ದು 2016ರ ನಂತರ. ಆ ವರ್ಷ ಸೆಪ್ಟೆಂಬರ್ 5ರಂದು ಜಿಯೋ ಶುರುವಾಗಿ ಡೇಟಾ ಅಗ್ಗವಾಯಿತು. ಅದುವರೆಗೆ ವಿಡಿಯೊ ನೋಡುವುದಕ್ಕೇ ಹಿಂದೆ ಮುಂದೆ ನೋಡುತ್ತಿದ್ದವರು ಹೊಲದಿಂದ ನೇರ ಪ್ರಸಾರ ಮಾಡತೊಡಗಿದರು. ರಾಯಚೂರಿನ ರೈತರಿಗೆ 1975ರಲ್ಲಿ ಇಲ್ಲದಿದ್ದ ದಾರಿ ತೆರೆದದ್ದು ಆಗ.

ದುಡ್ಡು ಬಂದಾಗ

ದಾರಿ ತೆರೆದಮೇಲೆ ಆ ದಾರಿಯಲ್ಲಿ ದುಡ್ಡೂ ಬಂತು. 2007ರಲ್ಲಿ ಯೂಟ್ಯೂಬ್ ಜಾಹೀರಾತಿನ ಹಣದಲ್ಲಿ ವಿಡಿಯೊ ಮಾಡಿದವರಿಗೂ ಪಾಲು ಕೊಡತೊಡಗಿತು. 2018ರಲ್ಲಿ ಅದಕ್ಕೆ ಮಿತಿ ಹಾಕಿತು. ಪಾಲು ಬೇಕಾದರೆ ಒಂದು ಸಾವಿರ ಚಂದಾದಾರರು, ಹನ್ನೆರಡು ತಿಂಗಳಲ್ಲಿ 4,000 ಗಂಟೆ ನೋಟ ಇರಬೇಕೆಂದಿತು. ಆದರೆ ರಿವ್ಯೂ ಮಾಡುವವರ ಮನೆ ಬಾಗಿಲಿಗೆ ಬೇರೆ ದಾರಿಯಿಂದಲೂ ದುಡ್ಡು ಬರುತ್ತದೆ. ಕಂಪನಿ ಪುಕ್ಕಟೆ ಸಾಮಾನು ಕಳಿಸುತ್ತದೆ, ಇಷ್ಟು ಕೊಡುತ್ತೇವೆ ಚೆನ್ನಾಗಿದೆ ಅನ್ನಿ ಎನ್ನುತ್ತದೆ. 1936ರ ಆ ಎರಡು ನಿಯಮ ಇಲ್ಲಿ ಮುರಿದುಬೀಳುತ್ತವೆ.

ಇದಕ್ಕೆ ಸರ್ಕಾರಗಳೂ ಎಚ್ಚೆತ್ತವು. ಅಮೆರಿಕದಲ್ಲಿ 2009ರಲ್ಲೇ, ದುಡ್ಡು ಅಥವಾ ಪುಕ್ಕಟೆ ಸಾಮಾನು ಪಡೆದು ಬ್ಲಾಗಿನಲ್ಲಿ ಹೊಗಳುವವರು ಅದನ್ನು ಬಾಯಿಬಿಟ್ಟು ಹೇಳಬೇಕು ಎಂಬ ಮಾರ್ಗಸೂಚಿ ಬಂತು. ನಮ್ಮಲ್ಲಿ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಇಂಥದ್ದೇ ಸೂಚನೆ ಹೊರಡಿಸಿತು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ಸ್ಪಷ್ಟವಾಗಿ ತಿಳಿಸಿತು. ಹಣ, ಉಡುಗೊರೆ, ಪುಕ್ಕಟೆ ಸಾಮಾನು, ಪ್ರವಾಸ ಯಾವುದು ಪಡೆದಿದ್ದರೂ ಅದನ್ನು ವಿಡಿಯೊದಲ್ಲೇ ಸರಳ ಮಾತಿನಲ್ಲಿ ಹೇಳಬೇಕು. ಕೆಳಗೆ ಸಣ್ಣಕ್ಷರದಲ್ಲಿ ಬರೆದು ಜಾರಿಕೊಳ್ಳುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದಾರಿ ತಪ್ಪಿಸುವ ಜಾಹೀರಾತಿಗೆ ₹10 ಲಕ್ಷದವರೆಗೆ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ ದಂಡ ಹಾಕಬಹುದು. ಹಳ್ಳಿಯ ಚಾನೆಲ್ಲು, ಪಟ್ಟಣದ ಚಾನೆಲ್ಲು ಎಂಬ ಭೇದ ಈ ಕಾನೂನಿಗೆ ಇಲ್ಲ.

ನಾವು ಪಂಪಿನ ವಿಡಿಯೊಗೆ ಯಾರಿಂದಲೂ ದುಡ್ಡು ತಗೊಂಡಿರಲಿಲ್ಲ. ಕಾನೂನಿನ ಕಣ್ಣಿನಲ್ಲಿ ನಮ್ಮದು ತಪ್ಪಲ್ಲದೆಯೂ ಇರಬಹುದು. ಆದರೆ ಡಬ್ಬಿಯ ಮೇಲಿನ ಮಾತನ್ನು ನಮ್ಮ ಮಾತು ಎಂಬಂತೆ ಹೇಳಿದೆವಲ್ಲ, ಅಲ್ಲಿಗೆ ನಾವು ಸಂಬಳವಿಲ್ಲದ ಜಾಹೀರಾತುದಾರರಾದೆವು.

ಹಾಗಾದರೆ ಶುರು ಮಾಡುವುದು ಹೇಗೆ?

ಇಷ್ಟು ಓದಿದ ಮೇಲೆ ನಾವು ನಮಗೇ ಹಾಕಿಕೊಂಡ ಕಟ್ಟುಪಾಡು ಇವು. ನಿಮಗೂ ಆಗಿಬರಬಹುದು.

ಹೊಸ ವಸ್ತುವಿನಿಂದ ಶುರು ಮಾಡಬೇಡಿ. ನಿಮ್ಮ ಮನೆಯಲ್ಲಿ ಒಂದು ಹಂಗಾಮು ದುಡಿದ ವಸ್ತುವನ್ನು ಎತ್ತಿಕೊಳ್ಳಿ. ತಾಡಪತ್ರಿ, ಮಿಕ್ಸರ್, ಸೋಲಾರ್ ದೀಪ, ಹಾಲಿನ ಕ್ಯಾನು, ಗಂಬೂಟು, ಯಾವುದಾದರೂ ಸರಿ. ಅದರ ಗುಣ, ಅವಗುಣ ನಿಮಗೆ ಈಗಾಗಲೇ ಗೊತ್ತು. ಹೊಸ ಖರ್ಚೂ ಇಲ್ಲ.

ಮೊದಲ ಅರ್ಧ ನಿಮಿಷದಲ್ಲಿ ನಾಲ್ಕು ಮಾತು ಹೇಳಿಬಿಡಿ: ನಿಮ್ಮ ಹೆಸರು, ನಿಮ್ಮ ಊರು, ವಸ್ತುವಿಗೆ ದುಡ್ಡು ಕೊಟ್ಟವರು ಯಾರು, ಎಷ್ಟು ದಿನ ಬಳಸಿದ್ದೀರಿ. ಹೆಣ್ಣುಮಕ್ಕಳು ಪೂರ್ತಿ ವಿಳಾಸ, ಫೋನ್ ನಂಬರು ಹೇಳಬೇಕಿಲ್ಲ. ಊರವರಿಗೆ ಗುರುತು ಸಿಗುವಷ್ಟು ಸಾಕು.

ಡಬ್ಬಿಯ ಮಾತು ಬೇರೆ, ನಿಮ್ಮ ಮಾತು ಬೇರೆ ಎಂದು ಬಿಡಿಸಿ ಹೇಳಿ. “ಕಂಪನಿ 20 ಅನ್ನುತ್ತದೆ, ನಾವು ಎಣಿಸಿದಾಗ ಇಷ್ಟಾಯಿತು” ಎನ್ನಿ. ಎಣಿಸುವುದನ್ನು, ತೂಗುವುದನ್ನು ಕ್ಯಾಮೆರಾ ಮುಂದೆಯೇ ಮಾಡಿ. ಔಷಧಿ ಹೊಡೆಯುವ ಯಂತ್ರವಾದರೆ ಚಿತ್ರ ತೆಗೆಯುವಾಗ ಬರೀ ನೀರು ತುಂಬಿ. ವಿಡಿಯೊಗಾಗಿ ಯಾರೂ ವಿಷ ಕುಡಿಯಬೇಕಿಲ್ಲ.

ಸಿಸ್ಕೆಲ್, ಈಬರ್ಟ್ ಹಾಗೆ ಇಬ್ಬರು ಕೂತುಕೊಳ್ಳಿ. ಮನೆಯಲ್ಲಿ ಅದನ್ನು ನಿಮಗಿಂತ ಹೆಚ್ಚು ಬಳಸಿದವರು ಇರುತ್ತಾರೆ. ಮಿಕ್ಸರಿನ ಬಗ್ಗೆ ಮಗ ಮಾತಾಡಿ, ರುಬ್ಬಿದ ಅವ್ವ ಕ್ಯಾಮೆರಾ ಹಿಂದೆ ನಿಂತರೆ ಅದು ರಿವ್ಯೂ ಆಗುವುದಿಲ್ಲ. ಅವರು ನಿಮ್ಮ ಮಾತಿಗೆ ಅಡ್ಡ ಹೇಳಿದರೆ ಅದನ್ನು ಕತ್ತರಿಸಬೇಡಿ.

ಇನ್ನು ಚಿತ್ರದ ಮಾತು. ಫೋನನ್ನು ಕಣ್ಣಿನ ಮಟ್ಟಕ್ಕೆ ಇಡಿ. ಸಂಘಂ ಶಾಟ್ ನೆನಪಿರಲಿ. ಸ್ಟ್ಯಾಂಡ್ ಇಲ್ಲದಿದ್ದರೆ ಅಕ್ಕಿ ಡಬ್ಬಿಗೆ ಒರಗಿಸಿ. ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ, ಮುಖ ಕಪ್ಪಾಗುತ್ತದೆ; ಕಿಟಕಿಯ ಕಡೆ ಮುಖ ಮಾಡಿ. ಚಿತ್ರ ಮಸಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಗಾಳಿ ಬೀಸುವ ಮಾಳಿಗೆ ಬಿಟ್ಟು ಒಳಗೆ ಬನ್ನಿ, ಇಯರ್‌ಫೋನಿನ ಮೈಕು ಬಳಸಿ.

ಕೊನೆಯದು, ತಪ್ಪಾದರೆ ತಿದ್ದಿ. ವಿಡಿಯೊ ಅಳಿಸಿ ಕೈ ತೊಳೆದುಕೊಳ್ಳಬೇಡಿ. ಮೊದಲ ಮಾತು ಎಲ್ಲೆಲ್ಲಿ ಹೋಗಿತ್ತೋ ಅಲ್ಲಲ್ಲಿಗೆ ತಿದ್ದಿದ ಮಾತನ್ನೂ ಕಳಿಸಿ.

ನಾವು ಹಾಗೇ ಮಾಡಿದೆವು. ಈ ಸಲ ಮೆಣಸಿನ ಹಂಗಾಮು ಪೂರ್ತಿ ಮುಗಿಯುವವರೆಗೆ ಕಾದು, ಎರಡೂ ಪಂಪುಗಳನ್ನು ಕಾಕಾನ ಹೊಲದ ಬದುವಿನ ಮೇಲೆ ಇಟ್ಟು ವಿಡಿಯೊ ಮಾಡಿದೆವು. ಕಾಕಾ ಬ್ಯಾಟರಿ ಬದಲಾಯಿಸಿಕೊಂಡಿದ್ದರು, ಅದಕ್ಕೆ ಎಷ್ಟು ಖರ್ಚಾಯಿತು ಎಂದು ಅವರೇ ಹೇಳಿದರು. ಬ್ಯಾಟರಿ ಬಿಟ್ಟರೆ ಪಂಪಿನ ಉಳಿದದ್ದೆಲ್ಲ ಗಟ್ಟಿ ಎಂದೂ ಹೇಳಿದರು. ಅದು ನಮಗೆ ಗೊತ್ತೇ ಇರಲಿಲ್ಲ. ನಮ್ಮ ಮೊದಲ ವಿಡಿಯೊದಲ್ಲಿ ಹೇಳಿದ್ದು ಸುಳ್ಳೆಂದು ನಾವೇ ಬಾಯಿಬಿಟ್ಟು ಹೇಳಿದೆವು.

ಮುಗಿದಮೇಲೆ ಕಾಕಾ ಫೋನ್ ಇಸಕೊಂಡು ಪೂರ್ತಿ ನೋಡಿದರು. “ಹೋದ ಸಲ ನಿಮ್ಮ ಮುಖಾನ ಚಂದ ಬಂದಿತ್ತು, ಈ ಸಲ ಪಂಪು ಕಾಣತೈತಿ” ಎಂದರು.

ಇದನ್ನು ನೋಡಿದವರು ಮೊದಲನೆಯದಕ್ಕಿಂತ ಕಡಿಮೆ. ಆದರೆ ನೋಡಿದವರಲ್ಲಿ ಮೂವರು ಪಕ್ಕದ ಊರಿಂದ ನಡೆದೇ ಬಂದು, ಕಾಕಾನ ಮನೆ ಯಾವುದು ಎಂದು ಕೇಳಿದರು.